ಜಂಬಕ್ಕೆ ಪರಭಾಷೆಯ ಹೆಸರುಗಳು

ಓದುಗರ ಪ್ರಶ್ನೆ – ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ 'ಬೂರ್ಜ್ವಾ' ಎಂಬ ಪದದ ಕುರಿತು ಬರೆದ ಉತ್ತರವನ್ನು ಓದಿ ಕಾಸರಗೋಡು ಜಿಲ್ಲೆಯಿಂದ ಹಲವರು ಪತ್ರ ಬರೆದಿದ್ದಾರೆ. ಇಲ್ಲದ ದೊಡ್ಡಸ್ತಿಕೆಯನ್ನು ಮೆರೆಸುವವರನ್ನು, ಇದ್ದ ದೊಡ್ಡಸ್ತಿಕೆಯನ್ನು ಇತರರ ಮೇಲೆ ಹೇರುವವರನ್ನು ಇಂಗ್ಲಿಷರು, ಫ್ರೆಂಚರು ಏನೆಂದು ಕರೆಯುತ್ತಾರೆ ಎಂಬುದೇ ಹೆಚ್ಚಿನವರ ಪ್ರಶ್ನೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮೂರ ವಾಚನಾಲಯದ ಕೂಟಕ್ಕಾಗಿ ಕೆಲವು ಇಂಗ್ಲಿಷ್ ಪ್ರಬಂಧಗಳನ್ನು ಕನ್ನಡಿಸುತ್ತಿದ್ದೇನೆ. 'ಸ್ನಾಬ್' ಎಂಬ ಪದ ಮತ್ತೆ ಮತ್ತೆ ಎದುರಾಗುತ್ತದೆ. 'ಅಹಂಕಾರಿ' ಎಂದು ಬರೆದರೆ ಸಾಕೇ? 'ಕುಲೀನತೆ ಇಲ್ಲದವನು' ಎಂಬರ್ಥದ 'ಸೀನೆ ನೋಬಿಲಿತಾತೆ' ಎಂಬ ಲ್ಯಾಟಿನ್ ಮಾತಿನ ಸಂಕ್ಷೇಪವೇ ಈ ಪದ ಎಂದು ಎಲ್ಲೋ ಓದಿದ್ದೆ. ಅದು ನಿಜವೇ?
– ನಿವೃತ್ತ ಅಧ್ಯಾಪಕರು, ಬದಿಯಡ್ಕ

ಉತ್ತರ: ಲ್ಯಾಟಿನ್ ಕಥೆಯನ್ನು ಮೊದಲು ಪಕ್ಕಕ್ಕಿಡೋಣ, ಮಾಸ್ಟ್ರೇ. ಮನೆತನದ ಬಿರುದಿಲ್ಲದ ವಿದ್ಯಾರ್ಥಿಗಳ ಹೆಸರಿನ ಮುಂದೆ ಹಾಗೆ ಬರೆದಿಡುತ್ತಿದ್ದರು ಎಂಬ ವಿವರಣೆ ಕೇಳಲು ಚೆನ್ನಾಗಿದೆ. ಆದರೆ ಪದದ ಹಳೆಯ ಬಳಕೆಗಳು ಅದಕ್ಕೆ ಒಪ್ಪುವುದಿಲ್ಲ. 18ನೆಯ ಶತಮಾನದ ಕೊನೆಯ ಭಾಗದಲ್ಲಿ 'ಸ್ನಾಬ್' ಎಂದರೆ ಪಾದರಕ್ಷೆ ಹೊಲಿಯುವವನು, ಇಲ್ಲವೇ ಅವನ ಕೈಕೆಳಗಿನ ಹುಡುಗ ಎಂದಷ್ಟೇ ಅರ್ಥವಿತ್ತು. ಅದೇ ಕಾಲಕ್ಕೆ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಊರಿನ ಸಾಮಾನ್ಯ ಜನರನ್ನು, ಅಂದರೆ ವಿಶ್ವವಿದ್ಯಾಲಯಕ್ಕೆ ಸೇರದವರನ್ನು, ಈ ಹೆಸರಿನಿಂದ ಕರೆಯತೊಡಗಿದರು. ಅಲ್ಲಿಂದ ಅದು ಸಂಸ್ಕಾರವಿಲ್ಲದವನು ಎಂಬ ಬೈಗುಳವಾಯಿತು.

ಪದಕ್ಕೆ ಹೊಸ ತಿರುವು ಕೊಟ್ಟವರು ವಿಲಿಯಂ ಮೇಕ್‌ಪೀಸ್ ಥ್ಯಾಕರೆ. 1811ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಈ ಲೇಖಕರು 1846–47ರಲ್ಲಿ 'ಪಂಚ್' ಪತ್ರಿಕೆಯಲ್ಲಿ ಇಂಗ್ಲೆಂಡಿನ ಸ್ನಾಬ್‌ಗಳ ಕುರಿತು ಸರಣಿ ಲೇಖನ ಬರೆದರು. 1848ರಲ್ಲಿ ಅದು ಪುಸ್ತಕವಾಯಿತು. ಕ್ಷುದ್ರವಾದದ್ದನ್ನು ಕ್ಷುದ್ರವಾಗಿ ಮೆಚ್ಚುವವನೇ ಸ್ನಾಬ್ ಎಂಬುದು ಅವರ ವ್ಯಾಖ್ಯೆ. ಇಲ್ಲಿ 'ಮೆಚ್ಚು' ಎಂಬ ಕ್ರಿಯಾಪದವನ್ನು ಗಮನಿಸಿ. ಥ್ಯಾಕರೆಯವರ ಸ್ನಾಬ್ ತನ್ನ ಬಗ್ಗೆ ಹೆಮ್ಮೆ ಪಡುವುದಕ್ಕಿಂತ ಹೆಚ್ಚಾಗಿ ಇನ್ನೊಬ್ಬರ ಬಿರುದು, ಬಂಗಲೆ, ಸಾರೋಟುಗಳನ್ನು ಕಂಡು ಬಾಯಿ ಬಿಡುವವನು, ಅವರೊಡನೆ ತನಗೆ ಒಡನಾಟವಿದೆಯೆಂದು ತೋರಿಸಿಕೊಳ್ಳಲು ಹೆಣಗುವವನು. ತನಗಿಂತ ಕೆಳಗಿನವರನ್ನು ತಾತ್ಸಾರದಿಂದ ನೋಡುವವನು ಎಂಬ ಇಂದಿನ ಅರ್ಥ ಗಟ್ಟಿಯಾದದ್ದು ಆಮೇಲೆ. ಹೀಗೆ ಕೆಳಗಿನವನ ಹೆಸರಾಗಿ ಹುಟ್ಟಿದ ಪದ, ಮೇಲಿನವರನ್ನು ಅನುಕರಿಸುವವನ ಹೆಸರಾಗಿ, ಕೊನೆಗೆ ಮೇಲೆ ನಿಂತು ಮೂಗು ಮುರಿಯುವವನ ಹೆಸರಾಯಿತು. ಒಂದು ಪದ ಒಂದೂವರೆ ಶತಮಾನದಲ್ಲಿ ಸಮಾಜದ ಎಲ್ಲ ಮೆಟ್ಟಿಲುಗಳನ್ನೂ ಹತ್ತಿದ ಇಂಥ ಉದಾಹರಣೆ ನನಗೆ ತಿಳಿದಂತೆ ಅಪರೂಪ.

ಆದ್ದರಿಂದ 'ಅಹಂಕಾರಿ' ಸಾಲದು. ಅಹಂಕಾರಿಗೆ ಬೇರೆ ಯಾರೂ ಬೇಕಿಲ್ಲ. ಒಂಟಿಯಾಗಿ ಕಾಡಿನಲ್ಲಿ ತಪಸ್ಸು ಮಾಡುವ ಋಷಿಗೂ ಅಹಂಕಾರ ಇರಬಹುದೆಂದು ನಮ್ಮ ಪುರಾಣಗಳೇ ಹೇಳುತ್ತವೆ. ಸ್ನಾಬ್ ಆಗಬೇಕಾದರೆ ಮೇಲೊಬ್ಬರು, ಕೆಳಗೊಬ್ಬರು ಇರಲೇಬೇಕು. ಮಗಳ ಮದುವೆಗೆ ಬಂದ ಮಂತ್ರಿಗಳ ಕುರ್ಚಿಯ ಹಿಂದೆ ಕೈಕಟ್ಟಿ ನಿಂತು, ಅದೇ ಗಳಿಗೆಯಲ್ಲಿ ನೆರೆಮನೆಯ ಕೂಲಿಯವರನ್ನು ಎರಡನೆಯ ಪಂಕ್ತಿಗೆ ತಳ್ಳುವ ಯಜಮಾನನನ್ನು ನೆನೆಸಿಕೊಂಡರೆ ಅರ್ಥ ಸ್ಪಷ್ಟವಾಗುತ್ತದೆ. ಕನ್ನಡದಲ್ಲಿ ಇದಕ್ಕೆ ಒಂದೇ ಪದವಿಲ್ಲ. ಸಂದರ್ಭ ನೋಡಿ 'ಒಣ ಪ್ರತಿಷ್ಠೆಯವನು', 'ದೊಡ್ಡಸ್ತಿಕೆಯ ಹುಚ್ಚಿನವನು' ಎಂದು ಬರೆಯಬಹುದು. ಪ್ರಬಂಧದ ವಿಷಯವೇ ಅದಾಗಿದ್ದರೆ 'ಸ್ನಾಬ್' ಎಂಬುದನ್ನೇ ಉಳಿಸಿಕೊಂಡು ಮೊದಲ ಸಲ ವಿವರಿಸುವುದು ಮೇಲು. ಫ್ರೆಂಚರು ಮಾಡಿದ್ದೂ ಅದನ್ನೇ: 19ನೆಯ ಶತಮಾನದಲ್ಲಿ ಪದವನ್ನು ಇಂಗ್ಲಿಷಿನಿಂದ ಹಾಗೆಯೇ ಎತ್ತಿಕೊಂಡು 'ಸ್ನೋಬಿಸ್ಮ್' ಎಂಬ ನಾಮಪದವನ್ನೂ, ಯಾರನ್ನಾದರೂ ಕಂಡೂ ಕಾಣದಂತೆ ಕಡೆಗಣಿಸುವುದಕ್ಕೆ 'ಸ್ನೋಬೇ' ಎಂಬ ಕ್ರಿಯಾಪದವನ್ನೂ ಕಟ್ಟಿಕೊಂಡರು.

ಪ್ರಶ್ನೆ: ನಾನು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದೇನೆ. ಪೋಜರ್, ಪಾರ್ವೆನ್ಯೂ, ಆರಿವಿಸ್ಟ್, ನೂವೋ ರೀಶ್ – ತೋರಿಕೆಯ ಜನರಿಗಿರುವ ಇಂಗ್ಲಿಷ್ ಪದಗಳಲ್ಲಿ ಇಷ್ಟೊಂದು ಫ್ರೆಂಚಿನವೇ ಏಕೆ? ಫ್ರೆಂಚರು ತಮ್ಮೊಳಗೆ ಇಂಥವರನ್ನು ಏನೆನ್ನುತ್ತಾರೆ?
– ಪದವಿ ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: 1066ರಲ್ಲಿ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ ಮೇಲೆ ಸುಮಾರು ಮೂರು ಶತಮಾನ ಅರಮನೆಯ, ನ್ಯಾಯಾಲಯದ, ಒಡೆಯರ ಮಾತು ಫ್ರೆಂಚ್ ಆಗಿತ್ತು. ನ್ಯಾಯಾಲಯದ ವಾದವನ್ನು ಇಂಗ್ಲಿಷಿನಲ್ಲಿ ನಡೆಸಬೇಕೆಂಬ ಶಾಸನ ಬಂದದ್ದು 1362ರಲ್ಲಿ. ಮೇಲ್ದರ್ಜೆಗೂ ಫ್ರೆಂಚಿಗೂ ಅಂದು ಬಿದ್ದ ಗಂಟು ಇಂಗ್ಲಿಷರ ಮನಸ್ಸಿನಲ್ಲಿ ಇಂದಿಗೂ ಪೂರ್ತಿ ಬಿಚ್ಚಿಕೊಂಡಿಲ್ಲ. ದರ್ಜೆಯ ಮಾತು ಬಂದಾಗ, ದರ್ಜೆಯನ್ನು ನಟಿಸುವವರ ಮಾತು ಬಂದಾಗ, ಇಂಗ್ಲಿಷ್ ಸಹಜವಾಗಿ ಫ್ರೆಂಚಿನ ಕಡೆಗೆ ಕೈ ಚಾಚುತ್ತದೆ. ನೀವು ಹೇಳಿದ ಪದಗಳು ನಾರ್ಮನ್ನರ ಕಾಲದವಲ್ಲ, ಬಹಳ ಈಚೆಗೆ ಬಂದವು. ಆದರೆ ಅವು ಬಂದ ದಾರಿ ಹಳೆಯದು.

ವಿಚಿತ್ರವೆಂದರೆ, ದರ್ಜೆ ತೋರಿಸಲೆಂದು ಫ್ರೆಂಚ್ ಪದ ಬಳಸುವುದೇ ಇಂಗ್ಲೆಂಡಿನಲ್ಲಿ ಆಮೇಲೆ ದರ್ಜೆ ಇಲ್ಲದವರ ಗುರುತಾಯಿತು. ಭಾಷಾವಿಜ್ಞಾನಿ ಅಲನ್ ರಾಸ್ 1954ರಲ್ಲಿ ಮೇಲ್ವರ್ಗದವರ ಮಾತಿಗೂ ಇತರರ ಮಾತಿಗೂ ಇರುವ ವ್ಯತ್ಯಾಸಗಳನ್ನು ಪಟ್ಟಿ ಮಾಡಿದರು. ಲೇಖಕಿ ನ್ಯಾನ್ಸಿ ಮಿಟ್‌ಫರ್ಡ್ ಅದನ್ನು ಜನಪ್ರಿಯಗೊಳಿಸಿದರು. ಊಟದ ಮೇಜಿನ ಕೈವಸ್ತ್ರಕ್ಕೆ ಮೇಲ್ವರ್ಗದವರು 'ನ್ಯಾಪ್ಕಿನ್' ಎನ್ನುತ್ತಾರೆ, ಮೇಲ್ವರ್ಗದಂತೆ ಕಾಣಬಯಸುವ ಮಧ್ಯಮವರ್ಗದವರು 'ಸರ್ವಿಯೆಟ್' ಎನ್ನುತ್ತಾರೆ ಎಂಬುದು ಅದರಲ್ಲಿ ಪ್ರಸಿದ್ಧ ಉದಾಹರಣೆ. ಹೊರಗಿನವನು ಕಷ್ಟಪಟ್ಟು ಕಲಿತ ನಾಜೂಕೇ ಅವನನ್ನು ಹೊರಗಿನವನೆಂದು ತೋರಿಸಿಕೊಡುವ ಈ ಏರ್ಪಾಡು ನನಗೆ ಕ್ರೂರವಾಗಿ ಕಾಣುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಪಟ್ಟಣಕ್ಕೆ ಹೋದ ನಮ್ಮ ಮಕ್ಕಳಲ್ಲಿ ಅನೇಕರು ಇಂಗ್ಲಿಷಿನ ಉಚ್ಚಾರದ ವಿಷಯದಲ್ಲಿ ಇದೇ ಪಾಡು ಪಟ್ಟಿದ್ದಾರೆ.

ಇನ್ನು ಫ್ರೆಂಚರ ಸ್ವಂತ ಬಳಕೆಗೆ ಬರೋಣ. ಇಲ್ಲಿ ಹೇಳುವುದು ಬೇಕಾದಷ್ಟಿದೆ. ನನಗೆ ಬಹಳ ಪ್ರಿಯವಾದದ್ದು 'ಮಾ-ತ್ಯು-ವ್ಯು'. 'ನನ್ನನ್ನು ನೋಡಿದೆಯಾ?' ಎಂಬ ಪೂರ್ತಿ ಪ್ರಶ್ನೆಯೇ ಅಲ್ಲಿ ನಾಮಪದವಾಗಿದೆ. ನಾಟಕದ ನಟರು ಒಬ್ಬರನ್ನೊಬ್ಬರು ಕಂಡಾಗ 'ಆ ಪಾತ್ರದಲ್ಲಿ ನನ್ನನ್ನು ನೋಡಿದೆಯಾ, ಈ ಪಾತ್ರದಲ್ಲಿ ನೋಡಿದೆಯಾ' ಎಂದು ಕೇಳುತ್ತಿದ್ದ ಚಾಳಿಯಿಂದ ಅದು ಹುಟ್ಟಿತು. ಇಂದು ಯಾವ ರಂಗದಲ್ಲಾದರೂ ತನ್ನನ್ನು ಎಲ್ಲರೂ ಗಮನಿಸಲಿ ಎಂದು ಹಪಹಪಿಸುವವನಿಗೆ ಸಲ್ಲುತ್ತದೆ. 'ಪೋಜರ್' ಎಂದರೆ ಚಿತ್ರಕಾರನ ಮುಂದೆ ಕುಳಿತಂತೆ ಸದಾ ಭಂಗಿಯಲ್ಲಿರುವವನು. ನಮ್ಮಲ್ಲಿ ಹುಡುಗರು 'ಪೋಸು ಕೊಡುತ್ತಾನೆ' ಎನ್ನುವುದೂ ಆ ಮೂಲದ್ದೇ. 'ಸ್ಯುಫಿಸಾಂ' ಎಂಬ ಗುಣವಾಚಕದ ಮೂಲಾರ್ಥ 'ಸಾಕಾಗುವಷ್ಟು' ಎಂದು. ಮನುಷ್ಯನಿಗೆ ಹಚ್ಚಿದರೆ, ತನಗೆ ತಾನೇ ಸಾಕು, ಬೇರೆಯವರಿಂದ ಕಲಿಯುವುದು ಏನೂ ಇಲ್ಲ ಎಂದು ಬೀಗುವವನು ಎಂದಾಗುತ್ತದೆ. ತಾನು ವಿಶೇಷ ಸಂಭೂತ ಎಂದುಕೊಂಡವನನ್ನು 'ಜೂಪಿಟರನ ತೊಡೆಯಿಂದ ಹುಟ್ಟಿದವನೆಂದು ತಿಳಿದಿದ್ದಾನೆ' ಎನ್ನುತ್ತಾರೆ. ಗರ್ಭದಲ್ಲೇ ತಾಯಿಯನ್ನು ಕಳೆದುಕೊಂಡ ಬಾಕಸ್ ದೇವತೆಯನ್ನು ತಂದೆ ಜೂಪಿಟರ್ ತನ್ನ ತೊಡೆಯಲ್ಲಿ ಹೊಲಿದುಕೊಂಡು ಹೆತ್ತ ಪುರಾಣ ಅದರ ಹಿಂದಿದೆ. ಊರುವಿನಿಂದ ಹುಟ್ಟಿದ ಊರ್ವಶಿಯ ಕಥೆ ಬಲ್ಲ ನಮಗೆ ಆ ನುಡಿಗಟ್ಟು ಅಪರಿಚಿತವೆನಿಸದು.

ಲಾ ಫೋಂತೇನ್ ಅವರ ನೀತಿಕಥೆಗಳಿಂದಲೂ ಇಂಥ ಹೆಸರುಗಳು ಬಂದಿವೆ. ಆರು ಕುದುರೆಗಳು ಬೆವರು ಸುರಿಸಿ ಬಂಡಿಯನ್ನು ದಿಬ್ಬಕ್ಕೆ ಎಳೆಯುತ್ತಿರುವಾಗ ಒಂದು ನೊಣ ಅವುಗಳ ಸುತ್ತ ಹಾರಾಡಿ, ಕಚ್ಚಿ, ಕೊನೆಗೆ ಬಂಡಿಯನ್ನು ಮೇಲೇರಿಸಿದವಳು ತಾನೇ ಎಂದು ಸಂಬಳ ಕೇಳುತ್ತದೆ. ಆದ್ದರಿಂದ 'ಬಂಡಿಯ ನೊಣ' ಎಂದರೆ ಕೆಲಸ ಮಾಡದೆ ಕೆಲಸದ ಕೀರ್ತಿ ಹೊತ್ತುಕೊಳ್ಳುವವರು. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗುವುದಿಲ್ಲ ಎಂದುಕೊಂಡ ನಮ್ಮ ಮುದುಕಿಯೂ ಈ ನೊಣವೂ ಒಂದೇ ಬಳಗ. ಆ ಮುದುಕಿಯ ಕೋಳಿಯ ಅಣ್ಣನೊಬ್ಬ ಫ್ರಾನ್ಸಿನಲ್ಲೂ ಇದ್ದಾನೆ: 1910ರಲ್ಲಿ ಪ್ಯಾರಿಸ್ಸಿನಲ್ಲಿ ರಂಗಕ್ಕೆ ಬಂದ ಎಡ್ಮಂಡ್ ರೋಸ್ತಾಂ ಅವರ 'ಶಾಂತ್‌ಕ್ಲೇರ್' ನಾಟಕದ ಹುಂಜ ತನ್ನ ಕೂಗಿನಿಂದಲೇ ಸೂರ್ಯ ಹುಟ್ಟುತ್ತಾನೆಂದು ನಂಬಿದ್ದಾನೆ.

ಪ್ರಶ್ನೆ: 'ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ' ಎಂಬ ಗಾದೆಗೆ ಸರಿಹೊಂದುವ ಪದ ಇಂಗ್ಲಿಷಿನಲ್ಲಿ, ಫ್ರೆಂಚಿನಲ್ಲಿ ಇದೆಯೇ? ನಮ್ಮೂರಿನಲ್ಲಿ ಮಲೆಯಾಳ ಮಾತನಾಡುವವರೂ ಈ ಗಾದೆ ಹೇಳುತ್ತಾರೆ.
– ಅಡಿಕೆ ಕೃಷಿಕರು, ಪೆರ್ಲ

ಉತ್ತರ: ಹೌದು, ಮಲೆಯಾಳದಲ್ಲಿ ಮಾತ್ರವಲ್ಲ, ತಮಿಳಿನಲ್ಲೂ ತೆಲುಗಿನಲ್ಲೂ ಇದೇ ಅಲ್ಪ, ಇದೇ ಅರ್ಧರಾತ್ರಿ, ಇದೇ ಕೊಡೆ. ಬಿಸಿಲೂ ಮಳೆಯೂ ಇಲ್ಲದ ಹೊತ್ತಿನಲ್ಲಿ ಕೊಡೆ ಏಕೆ ಎಂದರೆ, ಹಿಂದಿನ ಕಾಲದಲ್ಲಿ ಕೊಡೆ ನೆರಳಿಗಿಂತ ಹೆಚ್ಚಾಗಿ ಅಂತಸ್ತಿನ ಕುರುಹಾಗಿತ್ತು. ಶ್ವೇತಚ್ಛತ್ರ ರಾಜನದು, ಸತ್ತಿಗೆ ದೇವರದು. ಯಾರ ಮುಂದೆ ಯಾರು ಕೊಡೆ ಬಿಡಿಸಬಹುದು ಎಂಬುದಕ್ಕೂ ಕಟ್ಟುಕಟ್ಟಳೆಗಳಿದ್ದವು. ಇಂಗ್ಲಿಷರ ಗಾದೆಯಲ್ಲಿ ಕೊಡೆಯ ಜಾಗದಲ್ಲಿ ಕುದುರೆ ಇದೆ: ಭಿಕ್ಷುಕನನ್ನು ಕುದುರೆಯ ಮೇಲೆ ಕೂರಿಸಿದರೆ ಸೈತಾನನ ಬಳಿಗೇ ಓಡಿಸುತ್ತಾನೆ ಎನ್ನುತ್ತಾರೆ. ಪದಗಳೆಂದರೆ, ಇಂಗ್ಲಿಷಿನಲ್ಲಿ 'ಅಪ್‌ಸ್ಟಾರ್ಟ್', ಅಂದರೆ ದಿಢೀರನೆ ಮೇಲೆದ್ದವನು. ಫ್ರೆಂಚಿನಲ್ಲಿ 'ಪಾರ್ವೆನ್ಯೂ', ಅಂದರೆ ಬಂದು ಮುಟ್ಟಿದವನು, ತಲುಪಿದವನು. 'ನೂವೋ ರೀಶ್' ಹೊಸ ಶ್ರೀಮಂತ. 'ಆರಿವಿಸ್ಟ್' ಇನ್ನೂ ತಲುಪಿಲ್ಲ, ತಲುಪಲು ಏನು ಬೇಕಾದರೂ ಮಾಡುತ್ತಾನೆ.

ಇಷ್ಟು ಹೇಳಿದ ಮೇಲೆ ನನಗೆ ಮುಖ್ಯವೆಂದು ತೋರುವ ಒಂದು ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಜಂಬಗಾರರಿಗೆ ಇಟ್ಟ ಹೆಸರುಗಳಲ್ಲಿ ಎರಡು ಬಗೆ. 'ಪೋಜರ್', 'ಮಾ-ತ್ಯು-ವ್ಯು', ನಮ್ಮ 'ಸೋಗಲಾಡಿ', 'ಬಡಾಯಿಕೋರ' ಮುಂತಾದವು ಒಬ್ಬನ ನಡತೆಯನ್ನು ತೂಗುತ್ತವೆ. ಅವನು ನಡತೆ ತಿದ್ದಿಕೊಂಡರೆ ಹೆಸರು ಕಳಚಿ ಬೀಳುತ್ತದೆ. 'ಪಾರ್ವೆನ್ಯೂ', 'ಅಪ್‌ಸ್ಟಾರ್ಟ್', ನೀವು ಹೇಳಿದ ಗಾದೆಯ 'ಅಲ್ಪ' – ಇವು ಅವನು ಎಲ್ಲಿಂದ ಬಂದವನು ಎಂಬುದನ್ನು ಎತ್ತಿ ಆಡುತ್ತವೆ. ಅವನು ಎಷ್ಟು ವಿನಯದಿಂದ ಬಾಳಿದರೂ ಅದನ್ನು ತೊಳೆದುಕೊಳ್ಳಲಾರ, ಏಕೆಂದರೆ ಅವನ ತಪ್ಪು ಮೇಲೆ ಬಂದದ್ದೇ.

1592ರಲ್ಲಿ ಲಂಡನ್ನಿನಲ್ಲಿ ರಾಬರ್ಟ್ ಗ್ರೀನ್ ಎಂಬ, ವಿಶ್ವವಿದ್ಯಾಲಯದಲ್ಲಿ ಓದಿದ ಲೇಖಕನ ಹೆಸರಿನಲ್ಲಿ ಒಂದು ಕಿರುಪುಸ್ತಕ ಪ್ರಕಟವಾಯಿತು. ನಮ್ಮ ಗರಿಗಳಿಂದ ಅಲಂಕರಿಸಿಕೊಂಡ ಒಂದು 'ಅಪ್‌ಸ್ಟಾರ್ಟ್ ಕಾಗೆ' ಎದ್ದಿದೆ ಎಂದು ಅದರಲ್ಲಿ ಒಬ್ಬ ಹೊಸ ನಾಟಕಕಾರನನ್ನು ಹಳಿದಿದ್ದಾರೆ. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿತು ಎಂಬ ನಮ್ಮ ಗಾದೆಯ ಧಾಟಿಯೇ ಅದು. ಆ ಹೊಸಬ ಕೈಗವಸು ಹೊಲಿಯುವ ಕಸುಬಿನವನ ಮಗ, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಅವನ ಹೆಸರು ವಿಲಿಯಂ ಶೇಕ್ಸ್‌ಪಿಯರ್. ಗ್ರೀನನನ್ನು ಇಂದು ಹೆಚ್ಚಿನವರು ನೆನೆಯುವುದು ಆ ಒಂದು ವಾಕ್ಯಕ್ಕಾಗಿ.

ಫ್ರೆಂಚಿನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. 1670ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯ ಮುಂದೆ ಆಡಿದ ಮೋಲಿಯೇರ್ ಅವರ ನಾಟಕದಲ್ಲಿ ಜೂರ್ದಾಂ ಎಂಬ ಬಟ್ಟೆ ವ್ಯಾಪಾರಿಯ ಮಗ ಶ್ರೀಮಂತ ವರ್ಗದವನಾಗಲು ಹೊರಟು ನೃತ್ಯ, ಕತ್ತಿವರಸೆ, ತತ್ತ್ವಶಾಸ್ತ್ರಗಳಿಗೆ ಮೇಷ್ಟರುಗಳನ್ನು ನೇಮಿಸಿಕೊಂಡು ನಗೆಪಾಟಲಾಗುತ್ತಾನೆ. ತಾನು ಇಷ್ಟು ವರ್ಷ ಮಾತನಾಡಿದ್ದು ಗದ್ಯ ಎಂದು ತಿಳಿದು ಅವನು ಬೆರಗಾಗುವ ದೃಶ್ಯಕ್ಕೆ ಜಗತ್ತೇ ನಕ್ಕಿದೆ. ಆದರೆ ನಲವತ್ತು ದಾಟಿದ ವ್ಯಾಪಾರಿಯೊಬ್ಬ ಮೇಷ್ಟರ ಮುಂದೆ ಕುಳಿತು ಸ್ವರಾಕ್ಷರ ಹೇಳುವಾಗ ಬಾಯಿ ಹೇಗೆ ತೆರೆಯುತ್ತದೆ ಎಂದು ಸಂತೋಷದಿಂದ ಕಲಿಯುವುದನ್ನು ಓದಿದಾಗ ನನಗೆ ಅವನ ಮೇಲೆ ಪ್ರೀತಿಯೇ ಹುಟ್ಟುತ್ತದೆ. ಮುಂದೆ 1734–35ರಲ್ಲಿ ಮಾರಿವೋ ಒಂದು ಕಾದಂಬರಿ ಬರೆದು, ಮೇಲೆ ಬಂದ ರೈತನೊಬ್ಬನ ಬಾಯಲ್ಲೇ ಅವನ ಕಥೆ ಹೇಳಿಸಿದರು. ಶೀರ್ಷಿಕೆಯಲ್ಲೇ 'ಪಾರ್ವೆನ್ಯೂ' ಎಂದಿದೆ. ಆ ರೈತ ತನ್ನ ಹುಟ್ಟನ್ನು ಮುಚ್ಚಿಡುವುದಿಲ್ಲ.

ನಮ್ಮ ಕಡೆಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ತಂದ ಹಣದಿಂದ ಎದ್ದ ಮನೆಗಳು ಕುಂಬಳೆಯಿಂದ ಕಾಞಂಗಾಡಿನವರೆಗೆ ಹೆದ್ದಾರಿಯ ಉದ್ದಕ್ಕೂ ಇವೆ. ಹುಲ್ಲು ಮಾಡಿನ ಮನೆಯಲ್ಲಿ ಬೆಳೆದವನು ಎರಡು ಮಾಳಿಗೆ ಕಟ್ಟಿ, ಗೇಟಿಗೆ ಹೊಳೆಯುವ ಬಣ್ಣ ಬಳಿಸಿದ ದಿನ, ಹಿಂದಿನ ದೊಡ್ಡ ಮನೆಯ ಜಗಲಿಯಲ್ಲಿ ಈ ಕೊಡೆಯ ಗಾದೆ ಕೇಳಿಬರುತ್ತದೆ. ಅವನು ನಿಜಕ್ಕೂ ಯಾರನ್ನಾದರೂ ಕೀಳಾಗಿ ಕಂಡಿದ್ದರೆ ಮಲೆಯಾಳದ 'ಪೊಂಗಚ್ಚಂ', 'ಜಾಡ' ಎಂಬ ಮಾತುಗಳೂ ನಮ್ಮ 'ಡೌಲು', 'ಠೇಂಕಾರ'ಗಳೂ ಇದ್ದೇ ಇವೆ. ಬಣ್ಣ ಬಳಿಸಿದ್ದಕ್ಕಷ್ಟೇ ಗಾದೆ ಎತ್ತಿದರೆ, ಜಂಬ ಜಗಲಿಯ ಮೇಲಿದೆ ಎಂದೇ ನಾನು ತಿಳಿಯುತ್ತೇನೆ.

ಪ್ರಶ್ನೆ: ವಿರಾಟಪರ್ವದ ಉತ್ತರಕುಮಾರನಂಥ ಪಾತ್ರ ಅವರಲ್ಲೂ ಉಂಟೇ?
– ತಾಳಮದ್ದಳೆ ಆಸಕ್ತರು, ಕುಂಬಳೆ

ಉತ್ತರ: ಬೇಕಾದಷ್ಟು ಉಂಟು. 'ಉತ್ತರನ ಪೌರುಷ ಒಲೆಯ ಮುಂದೆ' ಎಂಬಲ್ಲಿ ವ್ಯಕ್ತಿಯ ಹೆಸರೇ ಗುಣದ ಹೆಸರಾದಂತೆ, ಇಟಲಿಯ ವೀರಕಾವ್ಯಗಳಲ್ಲಿ ಬರುವ ರೊಡೊಮೊಂತೆ ಎಂಬ ರಾಜನಿಂದ ಬಡಾಯಿ ಮಾತಿಗೆ 'ರೊಡೊಮೊಂಟೇಡ್' ಎಂಬ ಪದ ಫ್ರೆಂಚಿಗೂ ಇಂಗ್ಲಿಷಿಗೂ ಬಂತು. ಕೋರ್ನೇಯ್ ಅವರ ನಾಟಕವೊಂದರಲ್ಲಿ ಮಾತಾಮೋರ್ ಎಂಬ ಪುಕ್ಕಲು ಯೋಧ ತನ್ನ ಹೆಸರು ಕೇಳಿದರೇ ಸೈನ್ಯಗಳು ಓಡುತ್ತವೆ ಎನ್ನುತ್ತಾನೆ, ಆಳುಗಳ ಸದ್ದು ಕೇಳಿದರೆ ತಾನೇ ಓಡುತ್ತಾನೆ. ಫ್ರೆಂಚಿನಲ್ಲಿ ಬಾಯಿಬಡುಕ ಶೂರನಿಗೆ ಇಂದಿಗೂ ಅದೇ ಹೆಸರು. ಧಾರ್ಮಿಕ ಸೋಗಿನವನಿಗೆ ಮೋಲಿಯೇರ್ ಅವರ 'ತಾರ್ತ್ಯುಫ್' ಇದ್ದಾನೆ. 1664ರಲ್ಲಿ ಆ ನಾಟಕವನ್ನು ಜನರ ಮುಂದೆ ಆಡಕೂಡದೆಂದು ತಡೆದರು. ನಿಷೇಧ ಪೂರ್ತಿ ತೆರವಾದದ್ದು 1669ರಲ್ಲಿ. ಪಂಚತಂತ್ರದಲ್ಲಿ ಸನ್ಯಾಸಿಯ ಶಿಷ್ಯನಂತೆ ನಟಿಸಿ ಅವನ ಹಣ ಲಪಟಾಯಿಸಿದ ನಮ್ಮ ಆಷಾಢಭೂತಿಗೆ ಅವನು ತಕ್ಕ ಜೋಡಿ. ಉತ್ತರಕುಮಾರನಲ್ಲಿ ಮಾತ್ರ ಇವರಾರಿಗೂ ಇಲ್ಲದ ಒಂದು ಗುಣವಿದೆ: ಬೃಹನ್ನಳೆಯ ನಿಜ ತಿಳಿದ ಮೇಲೆ ಅವನು ಸಾರಥಿಯ ಜಾಗಕ್ಕೆ ಬಂದು ಕುಳಿತುಕೊಳ್ಳುತ್ತಾನೆ. ಒಳ್ಳೆಯ ಅರ್ಥಧಾರಿಗಳು ಆ ಘಟ್ಟವನ್ನು ನಗೆಯಲ್ಲಿ ತೇಲಿಸಿಬಿಡುವುದಿಲ್ಲ.

ಪ್ರಶ್ನೆ: ಒಂದು ಕಚೇರಿಯಲ್ಲಿ ನಾನು ಕನ್ನಡದಲ್ಲಿ ಬರೆದ ಅರ್ಜಿಯನ್ನು ಗುಮಾಸ್ತರೊಬ್ಬರು ಎರಡು ಬೆರಳಿನಲ್ಲಿ ಹಿಡಿದು, ಓದದೆ, ಮೇಜಿನ ಅಂಚಿಗೆ ಸರಿಸಿ, 'ಇದೆಲ್ಲ ಇಲ್ಲಿ ನಡೆಯುವುದಿಲ್ಲ' ಎಂದರು. ಮೇಲಧಿಕಾರಿ ಬಂದಾಗ ಎದ್ದು ನಿಂತು ಬಾಗಿದ್ದೂ ಅವರೇ. ಇಂಥವರಿಗೂ ಪದವಿದೆಯೇ?
– ಓದುಗರು, ಮುಳ್ಳೇರಿಯ

ಉತ್ತರ: ಇದೆ. ಚಿಕ್ಕ ಅಧಿಕಾರವನ್ನು ದೊಡ್ಡದಾಗಿ ಚಲಾಯಿಸುವವನನ್ನು ಇಂಗ್ಲಿಷಿನಲ್ಲಿ 'ಜ್ಯಾಕ್-ಇನ್-ಆಫೀಸ್' ಎನ್ನುತ್ತಾರೆ. ಡಿಕೆನ್ಸ್ ಅವರ 'ಆಲಿವರ್ ಟ್ವಿಸ್ಟ್' ಕಾದಂಬರಿಯಲ್ಲಿ ಅನಾಥ ಮಕ್ಕಳ ಮೇಲೆ ದರ್ಪ ನಡೆಸುವ ಬಂಬಲ್ ಎಂಬ ನೌಕರನಿಂದ 'ಬಂಬಲ್‌ಡಮ್' ಎಂಬ ಪದವೂ ಹುಟ್ಟಿದೆ. ಫ್ರೆಂಚರು 'ಪೆತಿ ಶೆಫ್', ಅಂದರೆ 'ಕಿರು ದೊರೆ' ಎನ್ನುತ್ತಾರೆ. ಕುರ್ಚಿಯ ಮೇಲಿನ ಗುಂಡಗಿನ ಚರ್ಮದ ದಿಂಬಿನಿಂದಾಗಿ ಗುಮಾಸ್ತರಿಗೇ 'ರೋಂ-ದ-ಕ್ಯುಯೀರ್' ಎಂಬ ಹೆಸರು ಬಿದ್ದಿದೆ. ನೀವು ಕಂಡವರು ಮೇಲಕ್ಕೆ ಬಾಗಿ ಕೆಳಕ್ಕೆ ಸೆಟೆದದ್ದರಿಂದ, ಬದಿಯಡ್ಕದ ಮಾಸ್ಟ್ರಿಗೆ ಹೇಳಿದ 'ಸ್ನಾಬ್' ಎಂಬುದೂ ಅವರಿಗೆ ಸಲ್ಲುತ್ತದೆ. ಆದರೆ ಪದಕ್ಕಿಂತ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಸಂವಿಧಾನದ 350ನೆಯ ವಿಧಿ. ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಲು ಪ್ರತಿಯೊಬ್ಬರಿಗೂ ಅದು ಹಕ್ಕು ಕೊಡುತ್ತದೆ. ಅರ್ಜಿಯ ತಲೆಯಲ್ಲಿ ಆ ವಿಧಿಯನ್ನು ಬರೆದು, ಮತ್ತೊಮ್ಮೆ ಕನ್ನಡದಲ್ಲೇ ಕೊಡಿ, ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ಈ ಫ್ರೆಂಚ್ ಪದಗಳನ್ನು ಭಾಷಣದಲ್ಲಿ ಬಳಸುವಾಗ ಫ್ರೆಂಚರಂತೆಯೇ ಉಚ್ಚರಿಸಬೇಕೇ?
– ಪ್ರೌಢಶಾಲಾ ಅಧ್ಯಾಪಿಕೆ, ಕಾಸರಗೋಡು

ಉತ್ತರ: ಬೇಕಿಲ್ಲ. ಇಂಗ್ಲಿಷ್ ಬಳಕೆಯ ಬಗ್ಗೆ ಪ್ರಮಾಣವೆನಿಸಿದ 1926ರ ಕೋಶದಲ್ಲಿ ಎಚ್. ಡಬ್ಲ್ಯು. ಫೌಲರ್ ಇದೇ ವಿಷಯ ಎತ್ತಿ, ಹೆಚ್ಚಿನ ಜ್ಞಾನವನ್ನು ಪ್ರದರ್ಶಿಸುವುದು ಹೆಚ್ಚಿನ ಹಣವನ್ನು ಪ್ರದರ್ಶಿಸುವುದಕ್ಕಿಂತಲೂ ಕೆಟ್ಟದ್ದೆಂದು ಹೇಳಿದ್ದಾರೆ. ಇಂಗ್ಲಿಷ್ ವಾಕ್ಯದ ನಡುವೆ ಫ್ರೆಂಚ್ ಪದಕ್ಕಾಗಿ ಬಾಯಿಯ ಆಕಾರ ಬದಲಿಸುವುದು ಅವರಿಗೆ ಸರಿಕಾಣಲಿಲ್ಲ. ಕನ್ನಡ ವಾಕ್ಯದಲ್ಲೂ ಹಾಗೆಯೇ. ಮೇಲೆ ಬರೆದಿರುವ ಕನ್ನಡ ಅಕ್ಷರಗಳನ್ನು ಇದ್ದಂತೆ ಓದಿದರೆ ಸಾಕು. 'ಪಾರ್ವೆನ್ಯೂ' ಎಂಬುದರಲ್ಲಿ 'ನ್ಯೂ' ದೀರ್ಘ. 'ಮಾ-ತ್ಯು-ವ್ಯು' ಎಂಬುದನ್ನು ತಡೆಯಿಲ್ಲದೆ ಒಂದೇ ಉಸಿರಿಗೆ ಹೇಳಿ. 'ನೂವೋ ರೀಶ್' ಎಂಬಲ್ಲಿ ಕೊನೆಯದು 'ಚ್' ಅಲ್ಲ, 'ಶ್'. 'ಪೋಜರ್' ಎಂದು ಹೇಳುವಾಗ ಮಕ್ಕಳಿಗೆ ತೊಡಕಾದರೆ 'ಪೋಸು ಕೊಡುವವನು' ಎಂದುಬಿಡಿ; ಅರ್ಥದಲ್ಲಿ ಯಾವ ಕೊರತೆಯೂ ಆಗುವುದಿಲ್ಲ.